ನಾಯಿಗೆ ಅರ್ಥವಾಗುವುದು ನಮ್ಮ ಮಾತೋ, ನಮ್ಮ ಮೈಯೋ?

ಪ್ರಶ್ನೆ: ನಮ್ಮದು ದಾವಣಗೆರೆ. ಬೀದಿಯಿಂದ ತಂದು ಸಾಕಿದ ಮೂರು ವರ್ಷದ ಹೆಣ್ಣು ನಾಯಿ ಚಿನ್ನಿ ನಮ್ಮ ಮನೆಯಲ್ಲಿದ್ದಾಳೆ. ಕೂತ್ಕೋ, ಊಟ, ವಾಕಿಂಗ್ ಎಲ್ಲ ಅವಳಿಗೆ ಗೊತ್ತಾಗುತ್ತದೆ. ನಮ್ಮ ಯಜಮಾನರ ಸ್ಕೂಟರ್ ಬೀದಿಯ ತಿರುವಿಗೆ ಬರುವ ಮುಂಚೆಯೇ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. ಚಪ್ಪಲಿ ಕಚ್ಚಿದ ದಿನ ನಾವು ಒಳಗೆ ಕಾಲಿಡುತ್ತಿದ್ದ ಹಾಗೆ ತಲೆ ತಗ್ಗಿಸುತ್ತಾಳೆ. ನಾವು ನೋಡುತ್ತಿದ್ದರೆ ಮೇಜಿನ ಮೇಲಿನ ಚಪಾತಿ ಮುಟ್ಟುವುದಿಲ್ಲ, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಚಪಾತಿ ಮಾಯ. ಇದು ನಿಜವಾದ ಬುದ್ಧಿಯೇ, ಇಲ್ಲ ಪ್ರೀತಿಯಿಂದ ನಮಗೆ ಹಾಗೆ ಕಾಣುತ್ತದೆಯೇ? ಮನೆಯಲ್ಲೇ ಪರೀಕ್ಷಿಸಬಹುದೇ? ಇನ್ನೊಂದು, ನಮ್ಮ ಮಾವನವರ 11 ವರ್ಷದ ನಾಯಿ ಇತ್ತೀಚೆಗೆ ಕರೆದರೂ ಬರುವುದಿಲ್ಲ. ವಯಸ್ಸಾದರೆ ನಾಯಿಯ ಬುದ್ಧಿ ಮಂಕಾಗುತ್ತದೆಯೇ?

ಉತ್ತರ: ಚಿನ್ನಿಯ ಜಾಣತನ ನಿಮ್ಮ ಭ್ರಮೆಯಲ್ಲ. ಆದರೆ ಅವಳು ನಿಮ್ಮ ಮಾತಿಗಿಂತ ಹೆಚ್ಚಾಗಿ ನಿಮ್ಮನ್ನೇ ಓದುತ್ತಿದ್ದಾಳೆ. ನಿಮ್ಮ ಭುಜ ಯಾವ ಕಡೆ ತಿರುಗಿತು, ಕಣ್ಣು ಎಲ್ಲಿದೆ, ಕೈ ವಾಕಿಂಗ್ ಬೆಲ್ಟ್ ನೇತುಹಾಕಿದ ಮೊಳೆಯತ್ತ ಹೋಯಿತೇ, ದನಿ ಗಡುಸಾಯಿತೇ ಎಂದು ಬೆಳಗಿನಿಂದ ರಾತ್ರಿಯವರೆಗೆ ಗಮನಿಸುತ್ತಲೇ ಇರುತ್ತಾಳೆ. ಇದು ಗೊತ್ತಿದ್ದವರಿಗೆ ನಾಯಿಗೆ ಕಲಿಸುವುದು ಸುಲಭ. ಗೊತ್ತಿಲ್ಲದಿದ್ದರೆ ನಾಯಿಗೂ ಗೊಂದಲ, ಮನೆಯವರಿಗೂ ಬೇಸರ.

ಮಾತಿನಿಂದ ಶುರು ಮಾಡೋಣ. ಸಂಜೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಚಿನ್ನಿ ಹಸಿದಿರುವಾಗ, ಅವಳಿಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ಹಾಕಿ ನಿಲ್ಲಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ತಲೆ ಅಲ್ಲಾಡಿಸದೆ, ದಿನಾ ಹೇಳುವ ದನಿಯಲ್ಲೇ ಒಂದೇ ಸಲ ‘ಕೂತ್ಕೋ’ ಅನ್ನಿ. ಮೊಬೈಲನ್ನು ಎಲ್ಲಾದರೂ ಒರಗಿಸಿಟ್ಟು ವಿಡಿಯೊ ಮಾಡಿಕೊಂಡರೆ ಅವಳು ಕೂತಳೋ ಇಲ್ಲವೋ ಆಮೇಲೆ ನೋಡಬಹುದು. ಈಗ ಅವಳ ಕಡೆ ತಿರುಗಿ, ಎಂದಿನ ಹಾಗೆ ಕೈ ಎತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಅದೇ ದನಿಯಲ್ಲಿ ‘ಮೂಲಂಗಿ’ ಅನ್ನಿ. ಬೆನ್ನು ಮಾಡಿ ಹೇಳಿದ ‘ಕೂತ್ಕೋ’ಗೆ ಮಿಕಮಿಕ ನೋಡುತ್ತ ನಿಂತಿದ್ದ ನಾಯಿ ‘ಮೂಲಂಗಿ’ಗೆ ಟಪ್ಪನೆ ಕೂತುಬಿಡುವುದು ಬಹಳ ಸಾಮಾನ್ಯ.

ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ. ಮಾತು ಮತ್ತು ಕೈಸನ್ನೆ ಒಂದೇ ಕ್ಷಣದಲ್ಲಿ ಬಂದರೆ ನಾಯಿ ಕಣ್ಣಿಗೆ ಕಂಡದ್ದನ್ನು ಹಿಡಿದುಕೊಳ್ಳುತ್ತದೆ. ಸನ್ನೆ ನೋಡಿ ಕೂತರೆ ತಿಂಡಿ ಸಿಗುತ್ತದೆ ಎಂದಾದ ಮೇಲೆ ಮಾತಿಗೆ ಕಿವಿಗೊಡುವ ಅಗತ್ಯವೇ ಅದಕ್ಕಿಲ್ಲ. ಮಾತನ್ನೇ ಕಲಿಸಬೇಕಾದರೆ ಮೊದಲು ಮಾತು ಹೇಳಿ, ಒಂದು ಸೆಕೆಂಡು ಗೊಂಬೆಯ ಹಾಗೆ ನಿಲ್ಲಿ, ಆಮೇಲೆ ಕೈಸನ್ನೆ ಮಾಡಿ. ಕೂತ ಕ್ಷಣವೇ ‘ಶಾಭಾಷ್’ ಅನ್ನಿ, ಅದರ ಬೆನ್ನಿಗೇ ತಿಂಡಿ ಕೊಡಿ. ಎರಡು ಮೂರು ಸೆಕೆಂಡು ತಡವಾದರೂ ಅಷ್ಟರಲ್ಲಿ ನಾಯಿ ಎದ್ದಿರುತ್ತದೆ, ಎದ್ದದ್ದಕ್ಕೆ ಬಹುಮಾನ ಸಿಕ್ಕಿತೆಂದು ಅದು ತಿಳಿಯುತ್ತದೆ. ಒಂದು ಸರದಿಗೆ 10 ಸಲ, ದಿನಕ್ಕೆ ಎರಡು ಸರದಿ ಸಾಕು. ಐದು ನಿಮಿಷ ಮೀರಿದರೆ ಗಮನ ಹಾರಿಹೋಗುತ್ತದೆ. ಕೆಲವು ದಿನಗಳಲ್ಲಿ ಸನ್ನೆ ಬರುವ ಮೊದಲೇ ಅವಳ ಹಿಂಭಾಗ ನೆಲದ ಕಡೆ ಇಳಿಯತೊಡಗುತ್ತದೆ. ಅಲ್ಲಿಂದ ಸನ್ನೆಯನ್ನು ಚಿಕ್ಕದು ಮಾಡುತ್ತ ಬಂದು ಕೊನೆಗೆ ಬಿಟ್ಟುಬಿಡಿ.

ತಿಂಡಿ ಎಂದರೆ ಕಡಲೆಕಾಳಿನ ಗಾತ್ರದ ಬೇಯಿಸಿದ ಕೋಳಿಯ ಚೂರು, ಪನೀರ್ ಅಥವಾ ಕ್ಯಾರೆಟ್. ಉಪ್ಪು ಖಾರ ಹಾಕಬೇಡಿ. ದಿನದ ಒಟ್ಟು ಆಹಾರದ ಹತ್ತನೇ ಒಂದು ಭಾಗಕ್ಕಿಂತ ತಿಂಡಿ ಹೆಚ್ಚಾಗಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ. ಪಾಯಸದಿಂದ ಆರಿಸಿ ಕೊಟ್ಟ ನಾಲ್ಕು ಒಣದ್ರಾಕ್ಷಿಯೂ ಕೆಲವು ನಾಯಿಗಳ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ನಮ್ಮ ಮನೆಗಳಲ್ಲಿ ಕಲಿಕೆ ಹಳಿತಪ್ಪುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಅಮ್ಮ ‘ಕೂತ್ಕೋ’ ಅಂದರೆ ಅಜ್ಜಿ ‘ಕುಂದ್ರು’ ಅನ್ನುತ್ತಾರೆ, ಮಗ ‘ಸಿಟ್’ ಅನ್ನುತ್ತಾನೆ. ಮೂರನ್ನೂ ನಾಯಿ ಕಲಿಯಬಲ್ಲದು, ಆದರೆ ಅದಕ್ಕೆ ಮೂರು ಪಟ್ಟು ಕೆಲಸ. ಒಂದೇ ಪದ ಗೊತ್ತುಮಾಡಿಕೊಂಡು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ. ಎರಡನೆಯದು, ‘ಕೂತ್ಕೋ ಕೂತ್ಕೋ ಕೂತ್ಕೋ’ ಎಂದು ಸಾಲಾಗಿ ಹೇಳುವ ಚಾಳಿ. ಮೂರನೆಯ ಸಲಕ್ಕೆ ಕೂತರೆ ಸಾಕು ಎಂದು ನೀವೇ ಕಲಿಸಿದ ಹಾಗಾಗುತ್ತದೆ.

ಹಾಗಾದರೆ ನಾಯಿಗೆ ಪದಗಳು ತಿಳಿಯುವುದೇ ಇಲ್ಲವೇ? ತಿಳಿಯುತ್ತವೆ. ಜರ್ಮನಿಯ ರಿಕೋ ಎಂಬ ಬಾರ್ಡರ್ ಕೋಲಿ ನಾಯಿಗೆ 200ಕ್ಕೂ ಹೆಚ್ಚು ಸಾಮಾನುಗಳ ಹೆಸರು ಗೊತ್ತಿತ್ತು. ಅದನ್ನು ಪರೀಕ್ಷಿಸಿದ ಯೂಲಿಯಾನೆ ಕಾಮಿನ್ಸ್ಕಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿವರದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊಸ ಹೆಸರಿನ ಸಂಗತಿ. ಗೊತ್ತಿರುವ ಆಟಿಕೆಗಳ ನಡುವೆ ಒಂದೇ ಒಂದು ಹೊಸದನ್ನಿಟ್ಟು, ಎಂದೂ ಕೇಳದ ಹೆಸರು ಹೇಳಿದರೆ, ಬಹುಪಾಲು ಸಲ ರಿಕೋ ಹೊಸದನ್ನೇ ಎತ್ತಿ ತರುತ್ತಿತ್ತು. ಉಳಿದವಕ್ಕೆಲ್ಲ ಹೆಸರಿದೆ, ಹಾಗಾಗಿ ಈ ಹೆಸರು ಇದರದ್ದೇ ಇರಬೇಕು ಎಂಬ ಲೆಕ್ಕ ಅದು. ಅಮೆರಿಕದ ದಕ್ಷಿಣ ಕೆರೊಲಿನಾದ ಜಾನ್ ಪಿಲ್ಲಿ ತಮ್ಮ ನಾಯಿ ಚೇಸರ್‌ಗೆ 1,022 ಆಟಿಕೆಗಳ ಹೆಸರು ಕಲಿಸಿದರು. ಅದಕ್ಕೆ ಮೂರು ವರ್ಷ ಹಿಡಿಯಿತು, ದಿನಕ್ಕೆ ನಾಲ್ಕೈದು ಗಂಟೆಯ ಪಾಠ. ಇಂಥ ನಾಯಿಗಳು ಅಪರೂಪ, ಚಿನ್ನಿಯನ್ನು ಅವುಗಳ ಜೊತೆ ತೂಗುವುದು ಬೇಡ.

ರಿಕೋ ಸಾಮಾನು ತರಬೇಕಾಗಿದ್ದುದು ಪಕ್ಕದ ಕೋಣೆಯಿಂದ, ಹೆಸರು ಹೇಳಿದವರ ಮುಖ ಅಲ್ಲಿಗೆ ಕಾಣುತ್ತಿರಲಿಲ್ಲ. ಈ ಎಚ್ಚರಿಕೆಯ ಹಿಂದೆ ಒಂದು ಕುದುರೆಯ ಕತೆಯಿದೆ. ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಲೆಕ್ಕ ಬಿಡಿಸಿ, ಉತ್ತರದ ಸಂಖ್ಯೆಯಷ್ಟು ಸಲ ಗೊರಸು ಬಡಿಯುತ್ತದೆ ಎಂದು ಜನ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಗುಟ್ಟು ಹಿಡಿದರು. ಸರಿ ಉತ್ತರ ಹತ್ತಿರವಾದಾಗ ಪ್ರಶ್ನೆ ಕೇಳಿದವರ ತಲೆ ಗೊತ್ತಿಲ್ಲದೆಯೇ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಅದನ್ನು ನೋಡಿ ಹಾನ್ಸ್ ಬಡಿತ ನಿಲ್ಲಿಸುತ್ತಿತ್ತು. ನಿಮ್ಮನ್ನು ಗೋಡೆಯ ಕಡೆ ನಿಲ್ಲಿಸಿದ್ದು ಇದಕ್ಕೇ.

ದನಿಯ ವಿಷಯಕ್ಕೂ ಒಂದು ಮಾತು ಸೇರಿಸಬೇಕು. ಹಂಗೇರಿಯ ಅಟಿಲಾ ಆಂಡಿಕ್ಸ್ ತಂಡ ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗಲು ಪಳಗಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಹೊಗಳಿಕೆಯ ಪದವನ್ನು ಹೊಗಳುವ ದನಿಯಲ್ಲಿ ಹೇಳಿದಾಗ ಮಾತ್ರ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗ ಚುರುಕಾಯಿತು. ಸಪ್ಪೆ ದನಿಯ ಹೊಗಳಿಕೆಗಾಗಲಿ, ಮುದ್ದು ದನಿಯ ಅರ್ಥವಿಲ್ಲದ ಪದಕ್ಕಾಗಲಿ ಹಾಗಾಗಲಿಲ್ಲ. ಟಿವಿ ನೋಡುತ್ತ ‘ಹೂಂ, ಶಾಭಾಷ್’ ಅಂದರೆ ಅದು ನಾಯಿಗೆ ಬಹುಮಾನವಾಗಿ ತಲುಪುವುದು ಕಷ್ಟ.

ಈಗ ನಾಯಿಯ ನಿಜವಾದ ಪ್ರತಿಭೆಗೆ ಬರೋಣ. ಬೆರಳು ತೋರಿಸಿದರೆ ಬೆರಳು ನೋಡದೆ ಬೆರಳು ತೋರಿಸುವ ಕಡೆ ನೋಡುವುದು ನಮಗೆ ಸುಲಭ ಅನ್ನಿಸುತ್ತದೆ, ಚಿಂಪಾಂಜಿಗಳು ಮಾತ್ರ ಇದರಲ್ಲಿ ತಡವರಿಸುತ್ತವೆ. ಬ್ರಯಾನ್ ಹೇರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ ಹಾಗೆ, ಬಚ್ಚಿಟ್ಟ ಆಹಾರವನ್ನು ಮನುಷ್ಯರ ಸನ್ನೆ ನೋಡಿ ಹುಡುಕುವುದರಲ್ಲಿ ನಾಯಿಗಳು ಚಿಂಪಾಂಜಿಗಳನ್ನೂ ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳನ್ನೂ ಮೀರಿಸಿದವು. ಕೆಲವೇ ವಾರದ ಮರಿಗಳಿಗೂ ಇದು ಬರುತ್ತಿತ್ತು.

ಇದನ್ನು ಮನೆಯಲ್ಲಿ ಸರಿಯಾಗಿ ನೋಡಬೇಕಾದರೆ ಒಂದೇ ಥರದ ಎರಡು ಸ್ಟೀಲ್ ಬಟ್ಟಲು ಬೇಕು. ಎರಡರ ಒಳಗೂ ಕೋಳಿಯ ಚೂರು ಉಜ್ಜಿ ವಾಸನೆ ಸಮ ಮಾಡಿ. ಐದಡಿ ಅಂತರದಲ್ಲಿ ಬೋರಲು ಹಾಕಿ, ಚಿನ್ನಿ ನೋಡದ ಹಾಗೆ ಒಂದರ ಕೆಳಗೆ ಚೂರು ಇಡಿ. ನೀವು ನಡುವೆ, ಒಂದು ಹೆಜ್ಜೆ ಹಿಂದೆ ನಿಲ್ಲಿ. ಎಂಟಡಿ ದೂರದಲ್ಲಿ ಮನೆಯವರೊಬ್ಬರು ಚಿನ್ನಿಯನ್ನು ಹಿಡಿದಿರಲಿ, ಚೂರು ಎಲ್ಲಿದೆ ಎಂದು ಅವರಿಗೆ ಗೊತ್ತಿರಬಾರದು. ಹೆಸರು ಕರೆದು, ಅವಳು ನೋಡಿದ ಮೇಲೆ ತೋಳು ಚಾಚಿ ತೋರಿಸಿ, ಹಾಗೇ ಹಿಡಿದಿರಿ. ಮೊದಲು ಮೂಗಿಟ್ಟ ಬಟ್ಟಲೇ ಅವಳ ಉತ್ತರ. ಎಡವೋ ಬಲವೋ ನಾಣ್ಯ ಚಿಮ್ಮಿ ನಿರ್ಧರಿಸಿ, ಇಲ್ಲದಿದ್ದರೆ ನಿಮಗರಿವಿಲ್ಲದೆ ಒಂದು ಎಡ ಒಂದು ಬಲ ಎಂದು ಸಾಲು ಹಿಡಿಯುತ್ತೀರಿ. ಎರಡು ದಿನದಲ್ಲಿ ಹಂಚಿ 20 ಸಲ ಮಾಡಿ. ಬರೀ ಅದೃಷ್ಟದಿಂದ 15 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ 100ರಲ್ಲಿ ಸುಮಾರು 2 ಮಾತ್ರ. ಹತ್ತೇ ಸಲ ಮಾಡಿ 8 ಸರಿಯಾಯಿತೆಂದು ಹಿಗ್ಗಬೇಡಿ, ಅದು ಸುಮ್ಮನೆ ಆಗುವ ಸಾಧ್ಯತೆಯೇ 100ರಲ್ಲಿ 5ಕ್ಕಿಂತ ಜಾಸ್ತಿ. ಆಮೇಲೆ ಕೈ ಹಿಂದೆ ಕಟ್ಟಿ, ಕಣ್ಣು ಚಾವಣಿಗೆ ನೆಟ್ಟು ಇನ್ನು 10 ಸಲ ಮಾಡಿ. ಆಗಲೂ ಹೆಚ್ಚುಕಡಿಮೆ ಎಲ್ಲ ಸಲವೂ ಸರಿಯಾಗಿ ಹೋದರೆ ದಾರಿ ತೋರಿಸುತ್ತಿರುವುದು ಮೂಗು, ವಾಸನೆ ಇನ್ನೂ ಚೆನ್ನಾಗಿ ಸಮ ಮಾಡಬೇಕು. 20ಕ್ಕೆ ಸರಿಯಾಗಿ 10 ಬಂದರೆ ದಡ್ಡಿ ಎನ್ನುವ ಮುಂಚೆ ವಿಡಿಯೊ ನೋಡಿ. ಕೆಲವು ನಾಯಿಗಳಿಗೆ ಯಾವಾಗಲೂ ಒಂದೇ ಬದಿಗೆ ಹೋಗುವ ರೂಢಿ ಇರುತ್ತದೆ. ಒಂದೆರಡು ದಿನ ಆ ಬದಿಯಲ್ಲಿ ಚೂರು ಇಡದಿದ್ದರೆ ರೂಢಿ ಸಡಿಲವಾಗುತ್ತದೆ.

ಚಿನ್ನಿ ಬೀದಿಯಿಂದ ಬಂದವಳಾದ್ದರಿಂದ ಈ ಪರೀಕ್ಷೆಗೆ ವಿಶೇಷ ಅರ್ಥವಿದೆ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಯಾರೂ ಸಾಕದ, ಏನೂ ಕಲಿಸದ ಬೀದಿ ನಾಯಿಗಳ ಮುಂದೆ ಇದೇ ಬಗೆಯ ಬಟ್ಟಲಾಟ ಆಡಿತು. ಹೆದರಿ ಹತ್ತಿರವೇ ಬಾರದ ನಾಯಿಗಳೂ ಬೇಕಾದಷ್ಟಿದ್ದವು. ಬಂದವುಗಳಲ್ಲಿ ಸುಮಾರು ಶೇ 80ರಷ್ಟು ತೋರಿಸಿದ ಬಟ್ಟಲಿಗೇ ಹೋದವು. 2020ರಲ್ಲಿ ಪ್ರಕಟವಾದ ಈ ಕೆಲಸ ಓದಿದ ಮೇಲೆ ‘ಜಾತಿ ನಾಯಿ ಜಾಣ, ಬೀದಿ ನಾಯಿ ದಡ್ಡ’ ಎಂಬ ಮಾತನ್ನು ಯಾರೂ ಆಡಬಾರದು. ತಳಿಗಳ ‘ಬುದ್ಧಿಯ ಪಟ್ಟಿ’ಯೂ ಅಷ್ಟೇ. 1994ರಲ್ಲಿ ಸ್ಟ್ಯಾನ್ಲಿ ಕೋರೆನ್ ಕೊಟ್ಟ ಪ್ರಸಿದ್ಧ ಪಟ್ಟಿ ವಿಧೇಯತೆ ಸ್ಪರ್ಧೆಗಳ ತೀರ್ಪುಗಾರರ ಅಭಿಪ್ರಾಯದ ಮೇಲೆ ನಿಂತದ್ದು. ಹೇಳಿದ್ದನ್ನು ಎಷ್ಟು ಬೇಗ ಮಾಡುತ್ತದೆ ಎಂಬುದು ಬುದ್ಧಿಯ ಒಂದು ತುಣುಕು ಮಾತ್ರ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಕಣ್ಣಿನಿಂದ ಬೇಟೆ ಹಿಡಿಯುವ ತಳಿ ಅದು. ಮೊಲ ಎದ್ದರೆ ಒಡೆಯನ ಅಪ್ಪಣೆಗೆ ಕಾಯದೆ, ತಾನೇ ನಿರ್ಧರಿಸಿ ಓಡಬೇಕು. ಅಂಥ ನಾಯಿ ‘ಬಾ’ ಅಂದರೆ ತಿರುಗಿ ನೋಡದಿದ್ದಾಗ ಅದಕ್ಕೆ ತಲೆಯಿಲ್ಲ ಎನ್ನುವುದು ಅನ್ಯಾಯ. ಬೇಲಿಯಿಲ್ಲದ ಬಯಲಲ್ಲಿ ಅದರ ಹಗ್ಗ ಬಿಚ್ಚದಿದ್ದರಾಯಿತು.

ಸ್ಕೂಟರಿನ ಗುಟ್ಟು ಬಿಡಿಸುವುದು ಸುಲಭ, ತಾಳ್ಮೆ ಬೇಕಷ್ಟೇ. ನಾಯಿಯ ಕಿವಿ 45,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನದ ಕೀಚಲು ಸದ್ದಿನ ಸುಮಾರಿನವರೆಗೂ ಕೇಳುತ್ತದೆ, ನಮ್ಮದು 20,000ಕ್ಕೆ ನಿಲ್ಲುತ್ತದೆ. ನೂರಾರು ಸ್ಕೂಟರ್‌ಗಳ ನಡುವೆ ನಿಮ್ಮದರ ಸದ್ದು ಆರಿಸಿಕೊಳ್ಳುವುದು ಅವಳಿಗೆ ಕಷ್ಟವೇನಲ್ಲ. ಹೊತ್ತಿನ ಅಂದಾಜು ಇನ್ನೊಂದು ಸುಳಿವು. ಮೂರನೆಯ ಸುಳಿವು ನೀವೇ: ಯಜಮಾನರ ಫೋನ್ ಬಂದ ಮೇಲೆ ನೀವು ಚಹಾಕ್ಕೆ ನೀರಿಡುತ್ತೀರಲ್ಲ, ಅದು. ಹತ್ತು ದಿನ ಹೀಗೆ ಮಾಡಿ. ಬರುವ ಹೊತ್ತನ್ನು ಅವರು ಚೀಟಿ ಎತ್ತಿ ನಿರ್ಧರಿಸಲಿ, ಮನೆಗೆ ಫೋನ್ ಮಾಡದಿರಲಿ. ಐದು ದಿನ ಸ್ಕೂಟರಿನಲ್ಲಿ, ಐದು ದಿನ ಆಟೊದಲ್ಲಿ ಬರಲಿ. ನೀವು ಚಿನ್ನಿ ಗೇಟಿಗೆ ಹೋದ ಪ್ರತಿ ಸಲವೂ ಹೊತ್ತು ಬರೆಯಿರಿ. ಪ್ರತಿ ಸಲವೂ ಎಂದದ್ದು ಬೇಕೆಂದೇ: ಹಾಲಿನವರಿಗೆ, ಬೆಕ್ಕಿಗೆ, ಸುಮ್ಮನೆ ಹೋದದ್ದು ಯಾರಿಗೂ ನೆನಪಿರುವುದಿಲ್ಲ, ಯಜಮಾನರು ಬಂದಾಗ ಹೋದದ್ದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಜೇಟೀ ಎಂಬ ನಾಯಿಗೆ ಒಡತಿ ಹೊರಟದ್ದು ದೂರದಿಂದಲೇ ತಿಳಿಯುತ್ತದೆ ಎಂದು ಸುದ್ದಿಯಾಗಿತ್ತು. ರಿಚರ್ಡ್ ವೈಸ್‌ಮನ್ ತಂಡ ಹೀಗೆ ಬರೆದಿಟ್ಟು ನೋಡಿದಾಗ ಅದು ನಾನಾ ಕಾರಣಕ್ಕೆ ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿದ್ದುದು ಕಂಡಿತು. ಚಿನ್ನಿ ಸ್ಕೂಟರಿನ ದಿನ ಮಾತ್ರ ಹೋದರೆ ಅದು ಕಿವಿಯ ಕೆಲಸ. ಅವರು ಬರಲಿ ಬಿಡಲಿ ಎಂದಿನ ಹೊತ್ತಿಗೇ ಹೋದರೆ ದಿನಚರಿಯ ನೆನಪು.

ಚಪ್ಪಲಿಯ ಮುಂದೆ ತಲೆ ತಗ್ಗಿಸುವ ವಿಷಯದಲ್ಲಿ ನಿಮ್ಮ ತಿಳಿವಳಿಕೆ ಬದಲಾಗಲೇಬೇಕು, ಏಕೆಂದರೆ ಇಲ್ಲಿ ನಾಯಿಗಳು ವಿನಾಕಾರಣ ಏಟು ತಿನ್ನುತ್ತವೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 14 ನಾಯಿಗಳ ಮೇಲೆ ಮಾಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ತಿನ್ನಬೇಡ ಎಂದು ಹೇಳಿ ತಿಂಡಿಯಿಟ್ಟು ಒಡೆಯರು ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ‘ತಪ್ಪಿತಸ್ಥ ಮುಖ’ ಕಂಡದ್ದು ಒಡೆಯರು ಬೈದಾಗ, ತಿಂದಿದ್ದರೂ ತಿನ್ನದಿದ್ದರೂ. ತಿನ್ನದೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು.

ಆ ಮುಖವನ್ನು ಹತ್ತಿರದಿಂದ ನೋಡಿ. ಕಿವಿ ಹಿಂದಕ್ಕೆ ಅಂಟಿರುತ್ತದೆ, ಬಾಲ ತೊಡೆಗಳ ನಡುವೆ, ನಾಲಗೆ ಮೂಗಿನ ತುದಿಯನ್ನು ಸರಕ್ಕನೆ ನೆಕ್ಕುತ್ತದೆ, ಮುಖ ಪಕ್ಕಕ್ಕೆ ತಿರುಗಿದರೂ ಕಣ್ಣು ನಿಮ್ಮ ಮೇಲೇ ಇರುವುದರಿಂದ ಅಂಚಿನಲ್ಲಿ ಬಿಳಿ ಕಾಣುತ್ತದೆ, ಹುಬ್ಬಿನ ಒಳತುದಿ ಮೇಲೇಳುತ್ತದೆ. ಹುಬ್ಬಿನ ಒಳತುದಿಯನ್ನು ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರ ಒಂದು ಅಧ್ಯಯನ ತೋರಿಸಿದೆ. ಇವೆಲ್ಲ ಸೇರಿ ಹೇಳುವುದು ‘ದಮ್ಮಯ್ಯ, ಸಿಟ್ಟು ಬೇಡ’ ಎಂದು. ‘ನಾನು ತಪ್ಪು ಮಾಡಿದೆ’ ಎಂಬ ಒಪ್ಪಿಗೆ ಅದರಲ್ಲಿಲ್ಲ. ಬೈಯುವ ಮೊದಲೇ ತಗ್ಗಿಸುತ್ತಾಳಲ್ಲ ಎಂದು ನೀವು ಕೇಳಬಹುದು. ನೆಲದ ಮೇಲೆ ಹರಿದ ಚಪ್ಪಲಿ, ಬಾಗಿಲಲ್ಲಿ ನೀವು, ಇವೆರಡೂ ಸೇರಿದರೆ ಬೈಗುಳ ಬರುತ್ತದೆ ಎಂದು ಅವಳು ಕಲಿತಿದ್ದಾಳೆ. ಒಮ್ಮೆ ನೀವೇ ಹಳೆಯ ಚಪ್ಪಲಿ ಹರಿದು ನಡುಮನೆಯಲ್ಲಿ ಹಾಕಿ, ಹೊರಗೆ ಹೋಗಿ ಬನ್ನಿ. ಅದೇ ಮುಖ ಕಂಡರೆ ಆಶ್ಚರ್ಯಪಡಬೇಡಿ, ಬೈಯಲೂ ಬೇಡಿ.

ಆದ್ದರಿಂದ ಆಮೇಲೆ ಬೈಯುವುದರಿಂದ ಚಪ್ಪಲಿ ಉಳಿಯುವುದಿಲ್ಲ. ನೀವು ಮನೆಗೆ ಬರುವುದೇ ಅವಳಿಗೆ ಭಯವಾಗುತ್ತದೆ. ಒಳಗೆ ಉಚ್ಚೆ ಮಾಡಿದ್ದಕ್ಕೆ ಬೈಸಿಕೊಂಡ ನಾಯಿ ಸೋಫಾದ ಹಿಂದೆ ಹೋಗಿ ಮಾಡಲು ಕಲಿಯುವುದೂ ಇದೇ ಬಗೆಯ ಪಾಠ. ಚಪ್ಪಲಿಗಳನ್ನು ಬಾಗಿಲಿರುವ ಗೂಡಿನಲ್ಲಿಡಿ. ಹೊರಗೆ ಹೋಗುವ ಮುಂಚೆ ಅರ್ಧ ಗಂಟೆ ವಾಕಿಂಗ್ ಮಾಡಿಸಿ, ಅದರಲ್ಲಿ ಹತ್ತು ನಿಮಿಷ ಅವಳಿಗೆ ಬೇಕಾದ ಕಡೆ ಮೂಸಲು ಬಿಡಿ. ಹಳೆಯ ಟವೆಲಿನಲ್ಲಿ ಒಣ ಆಹಾರ ಸುತ್ತಿ, ಗಂಟು ಹಾಕದೆ, ಕೊಟ್ಟು ಹೋದರೆ ಅದನ್ನು ಬಿಡಿಸುವುದರಲ್ಲಿ ಹೊತ್ತು ಕಳೆಯುತ್ತಾಳೆ. ಬಟ್ಟೆ ನುಂಗುವ ಚಾಳಿ ಇದ್ದರೆ ಮಾತ್ರ ಟವೆಲ್ ಬೇಡ.

ಚಪಾತಿ ಕಳ್ಳತನ ಅಪ್ಪಟ ಬುದ್ಧಿ. ತಿನ್ನಬೇಡ ಎಂದ ಆಹಾರದ ಮುಂದೆ ನಾಯಿಗಳು, ಎದುರಿನ ಮನುಷ್ಯ ಬೆನ್ನು ತಿರುಗಿಸಿದಾಗ, ಕಣ್ಣು ಮುಚ್ಚಿದಾಗ, ಬೇರೆ ಕೆಲಸದಲ್ಲಿ ಮುಳುಗಿದಾಗ ಹೆಚ್ಚು ಸಲ ಕದಿಯುತ್ತವೆ ಎಂದು 2003ರಲ್ಲೇ ತೋರಿಸಲಾಗಿದೆ. ಕೋಣೆಯಲ್ಲಿ ಆಹಾರದ ಸುತ್ತ ಬೆಳಕಿದ್ದಾಗಿನದಕ್ಕಿಂತ ಕತ್ತಲಿದ್ದಾಗ ಹೆಚ್ಚು ಕದ್ದವು ಎಂದು ಕಾಮಿನ್ಸ್ಕಿ ಮುಂದೆ ಕಂಡುಕೊಂಡರು. ಅಂದರೆ ಚಿನ್ನಿ ಕಲಿತಿರುವ ನಿಯಮ ‘ಚಪಾತಿ ಮುಟ್ಟಬಾರದು’ ಎಂದಲ್ಲ, ‘ಅಮ್ಮನ ಕಣ್ಣು ಚಪಾತಿಯ ಮೇಲಿದ್ದಾಗ ಮುಟ್ಟಬಾರದು’ ಎಂದು. ಇದುವರೆಗೆ ನೀವು ಕಲಿಸಿದ್ದೂ ಅದನ್ನೇ, ನೋಡುತ್ತಿದ್ದಾಗ ಮಾತ್ರ ತಡೆದಿದ್ದೀರಿ.

ಇದನ್ನು ತಿದ್ದಲು ಮುಷ್ಟಿಯಲ್ಲಿ ಚೂರು ಹಿಡಿದು ‘ಬಿಡು’ ಅನ್ನಿ, ಮೂಗು ಹಿಂದಕ್ಕೆ ತೆಗೆದ ಕ್ಷಣ ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಬಿಟ್ಟದ್ದನ್ನೇ ಕೊಡಬೇಡಿ, ಕೊಟ್ಟರೆ ‘ಕಾದರೆ ಅದೇ ಸಿಗುತ್ತದೆ’ ಎಂದಾಗುತ್ತದೆ. ಆಮೇಲೆ ಚೂರು ನೆಲದ ಮೇಲೆ, ಪಾದ ಮುಚ್ಚಲು ಸಿದ್ಧವಾಗಿ. ಆಮೇಲೆ ಮುಖ ಪಕ್ಕಕ್ಕೆ, ಆಮೇಲೆ ಬೆನ್ನು, ಆಮೇಲೆ ಬಾಗಿಲಾಚೆ 2 ಸೆಕೆಂಡು, 5, 10, 30. ಬಾಗಿಲಾಚೆಯ ಹಂತದಲ್ಲಿ ಚೂರನ್ನು ಜಾಲರಿ ಬುಟ್ಟಿಯಿಂದ ಮುಚ್ಚಿ ಮೇಲೆ ಭಾರ ಇಡಿ, ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಿರಿ. ಪ್ರತಿ ಹಂತದಲ್ಲೂ 10ರಲ್ಲಿ 8 ಸರಿಯಾದ ಮೇಲೆ ಮುಂದಿನದು, ಸಾಲಾಗಿ ಎರಡು ತಪ್ಪಿದರೆ ಒಂದು ಹಂತ ಹಿಂದಕ್ಕೆ. ಬಹಳ ಜನ ಎಡವುವುದು ಇಲ್ಲಿ: ಪಾಠ ನಡೆಯುತ್ತಿರುವ ವಾರಗಳಲ್ಲಿ ಮೇಜಿನ ಮೇಲೆ ಒಂದು ದಿನ ಚಪಾತಿ ಮರೆತಿರುತ್ತಾರೆ. ಅಪರೂಪಕ್ಕೆ ಸಿಕ್ಕುವ ದೊಡ್ಡ ಬಹುಮಾನದಷ್ಟು ಚಾಳಿಯನ್ನು ಗಟ್ಟಿ ಮಾಡುವುದು ಬೇರೊಂದಿಲ್ಲ, ಒಂದು ಇಡೀ ಚಪಾತಿ ಎರಡು ವಾರದ ಪಾಠವನ್ನು ತೊಳೆದುಬಿಡುತ್ತದೆ.

ನಿಮ್ಮ ಮಾವನವರ ನಾಯಿಗೆ ಬುದ್ಧಿ ಮಂಕಾಗಿದೆ ಎನ್ನುವ ಮೊದಲು ಕಿವಿ ನೋಡಿಸಿ. ಅದು ಆ ಕಡೆ ಮುಖ ಮಾಡಿ ಮಲಗಿರುವಾಗ, ಪಕ್ಕದ ಕೋಣೆಯಿಂದ ತಟ್ಟೆಗೆ ಚಮಚ ತಟ್ಟಿ. ನೆಲ ಒದೆಯಬೇಡಿ, ಚಪ್ಪಾಳೆ ಹತ್ತಿರದಲ್ಲಿ ಹೊಡೆಯಬೇಡಿ, ಅದುರುವಿಕೆಯೂ ಗಾಳಿಯೂ ಮೈಗೆ ತಾಗಿ ಎಚ್ಚರವಾಗುತ್ತದೆ. ನಾಲ್ಕೈದು ಸಲವೂ ಕಿವಿ ಅಲುಗದಿದ್ದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಮೇಣ ಕಟ್ಟಿದ್ದರೆ ಅಥವಾ ಸೋಂಕಿದ್ದರೆ ಮದ್ದಿದೆ. ಕಿವಿ ಚೆನ್ನಾಗಿದ್ದೂ ಗೋಡೆ ನೋಡುತ್ತ ನಿಲ್ಲುವುದು, ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದಿರುವುದು, ರಾತ್ರಿಯೆಲ್ಲ ಅಲೆಯುವುದು, ರೂಢಿಯಿದ್ದ ಕಡೆ ಬಿಟ್ಟು ಒಳಗೇ ಉಚ್ಚೆ ಮಾಡುವುದು ಕಂಡರೆ ಅದು ಮುಪ್ಪಿನಲ್ಲಿ ಮಿದುಳು ಸವೆಯುವ ಲಕ್ಷಣ ಇರಬಹುದು. ಅದನ್ನೂ ವೈದ್ಯರಿಗೆ ದಿನಾಂಕ ಸಮೇತ ಬರೆದು ತೋರಿಸಿ.

ಕಿವಿ ಹೋಗಿದ್ದರೂ ಮೈ ಓದುವ ಬುದ್ಧಿ ಹಾಗೇ ಇರುತ್ತದೆ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಎದೆಗೆ ತರುವುದು ‘ಬಾ’ ಎಂದು ಗೊತ್ತುಮಾಡಿ. ಮೊದಲ ವಾರ ಎರಡು ಹೆಜ್ಜೆ ದೂರದಿಂದ ಸನ್ನೆ ಮಾಡಿ, ಹತ್ತಿರ ಬಂದಾಗ ತಿಂಡಿ ಕೊಡಿ, ಆಮೇಲೆ ದೂರ ಹೆಚ್ಚಿಸಿ. ರಾತ್ರಿ ಅಂಗಳದಲ್ಲಿ ಟಾರ್ಚನ್ನು ನೆಲದ ಮೇಲೆ ಎರಡು ಸಲ ಮಿನುಗಿಸುವುದನ್ನು ಇದೇ ರೀತಿ ಕಲಿಸಬಹುದು, ಬೆಳಕು ಕಣ್ಣಿಗೆ ಮಾತ್ರ ಬಿಡಬೇಡಿ. ಕಿವುಡು ನಾಯಿ ಮಲಗಿದ್ದಾಗ ಮಕ್ಕಳು ಹೋಗಿ ಮುಟ್ಟದಂತೆ ನೋಡಿಕೊಳ್ಳಿ, ಬೆಚ್ಚಿಬಿದ್ದರೆ ಕಚ್ಚಿಬಿಡಬಹುದು. ಎಬ್ಬಿಸಬೇಕಾದರೆ ಅಂಗೈಯನ್ನು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಕಾಯಿರಿ, ವಾಸನೆ ಹಿಡಿದು ತಾನೇ ಕಣ್ಣು ಬಿಡುತ್ತದೆ.